ನೂರ ಹನ್ನೆರಡನೇ ಕಲ್ಲು

ನಮ್ಮಪ್ಪ ರಾಮಸ್ವಾಮಿ ತೀರಿಕೊಂಡ ಹದಿನಾರನೆಯ ದಿನ, ಸಂಜೆ ಐದು ಗಂಟೆಗೆ, ಅವರು ಕಲ್ಲು ಬಡಿಯುವ ಶಬ್ದ ನನಗೆ ಕೇಳಿಸಿತು.

ಆಗಷ್ಟೇ ಶಾಲೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಟಕ್. ಸ್ವಲ್ಪ ಬಿಟ್ಟು, ಟಕ್. ಆಮೇಲೆ ಕಲ್ಲನ್ನು ಕಿವಿಯ ಹತ್ತಿರ ಹಿಡಿದು ಕೇಳಿಸಿಕೊಳ್ಳುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ಟಕ್. ಅದರ ಹಿಂದೆಯೇ ಕೂದಲು ಸುಟ್ಟಂಥ ಸಣ್ಣ ವಾಸನೆ. ಎರಡು ಗಟ್ಟಿ ಕಲ್ಲುಗಳನ್ನು ಒಂದಕ್ಕೊಂದು ಬಡಿದರೆ ಬರುವ ಆ ವಾಸನೆಯನ್ನು ನಾನು ಮೂರು ವರ್ಷದವಳಿದ್ದಾಗಿನಿಂದ ಬಲ್ಲೆ. ಕಲ್ಲಿನ ಕೋಣೆಗೆ ಓಡಿದೆ. ಬೀರು ಮುಚ್ಚಿತ್ತು. ಅದರ ಎದುರು ಅಮ್ಮ ಕುರ್ಚಿ ಹಾಕಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಸ್ಟೂಲಿನ ಮೇಲೆ ಎರಡು ಲೋಟ ಕಾಫಿ, ಎರಡೂ ಆರಿ ಕೆನೆಗಟ್ಟಿದ್ದವು.

"ಅಮ್ಮಾ," ಎಂದೆ.

"ಶ್! ಅವರ ಕಾಫಿ ಹೊತ್ತು. ಸುಮ್ನಿರು."

ಓ, ಇವಳಿಗೂ ಕೇಳಿಸುತ್ತಿದೆ ಎಂದುಕೊಂಡೆ. ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ನಾನು ಮಲ್ಲೇಶ್ವರದ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತಿರುವವಳು. ಬೆಕ್ಕು ಅಡ್ಡ ಬಂದರೆ ಅಪಶಕುನ ಬೆಕ್ಕಿಗೇ ಎನ್ನುವವಳು. ದೆವ್ವ ಭೂತ ಎಂದು ನನ್ನ ಬಾಯಲ್ಲಿ ಬಂದರೆ ಸ್ಟಾಫ್ ರೂಮಿನಲ್ಲಿ ಮುಖ ಎತ್ತಿಕೊಂಡು ತಿರುಗುವುದು ಹೇಗೆ? ಬಾಯಿಗೆ ಬೀಗ ಹಾಕಿಕೊಂಡೆ. ಮರುದಿನ ಐದಕ್ಕೆ ಮತ್ತೆ ಕೇಳಿಸಿತು. ಅದರ ಮರುದಿನವೂ.

ಅಪ್ಪ ಗಣಿ ಇಲಾಖೆಯಲ್ಲಿ ಭೂವಿಜ್ಞಾನಿಯಾಗಿದ್ದವರು. ಜನ ಟೂರಿಗೆ ಹೋದರೆ ಸೀರೆ ತರುತ್ತಾರೆ, ಸ್ವೀಟು ತರುತ್ತಾರೆ. ಇವರು ಕಲ್ಲು ತರುತ್ತಿದ್ದರು. "ಬೆಟ್ಟ ಅಗೆದು ಇಲಿ ಹಿಡಿದರು ಅಂತಾರೆ, ನಮ್ಮನೆಯವರು ಬೆಟ್ಟ ಅಗೆದು ಬೆಟ್ಟಾನೇ ತರ್ತಾರೆ," ಎಂದು ಅಮ್ಮ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಬಸವನಗುಡಿಯ ನಮ್ಮ ಬಾಡಿಗೆ ಮನೆಯ ಮೂರನೇ ಕೋಣೆ ಪೂರ್ತಿ ಕಲ್ಲಿನದು. ದಿನಾ ಸಂಜೆ ಐದಕ್ಕೆ ಕಾಫಿ ಹಿಡಿದು ಅಲ್ಲಿ ಕೂತು, ಕಲ್ಲಿಗೆ ಕಲ್ಲು ಬಡಿದು ಕಿವಿಗೆ ಹಿಡಿದು ಕೇಳುವುದು ಅವರ ರೂಢಿ. ಬೀರುವಿನ ತಟ್ಟೆಗಳಲ್ಲಿ ಮುನ್ನೂರ ನಾಲ್ಕು ಖಾನೆ, ಪ್ರತಿ ಖಾನೆಯಲ್ಲಿ ಒಂದು ಕಲ್ಲು, ಕಲ್ಲಿನ ಕೆಳಗೆ ನಂಬರಿನ ಚೀಟಿ. ಯಾವ ನಂಬರು ಯಾವ ಕಲ್ಲು, ಎಲ್ಲಿ ಸಿಕ್ಕಿದ್ದು ಎಂಬುದಕ್ಕೆ ಒಂದು ದಪ್ಪ ರಿಜಿಸ್ಟರು. ಭಾನುವಾರ ಬೆಳಿಗ್ಗೆ ಅಪ್ಪ ಹೇಳುತ್ತಿದ್ದರು, ಅಮ್ಮ ತನ್ನ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದಳು. ನಲವತ್ತು ವರ್ಷ ಬರೆದಳು, ಗೊಣಗಿಕೊಂಡೇ.

ನನಗೆ ಮದುವೆ ಎಂಬುದೊಂದು ಆಗಿತ್ತು, ನಿಲ್ಲಲಿಲ್ಲ. ಹಾಗಾಗಿ ಈ ಮನೆಗೇ ವಾಪಸು ಬಂದು ಹದಿನೆಂಟು ವರ್ಷವಾಗಿದೆ. ಅಣ್ಣತಮ್ಮಂದಿರಿಲ್ಲ. ಅಪ್ಪ ಒಂದು ಮಂಗಳವಾರ ಮಧ್ಯಾಹ್ನ ಗಾಂಧಿಬಜಾರಿನಲ್ಲಿ ಹೂ ಕೊಳ್ಳುತ್ತ ಕುಸಿದು, ಅಲ್ಲೇ ಹೋಗಿಬಿಟ್ಟಾಗ ಕರ್ಮಕ್ಕೆ ಕೂತವನು ದೊಡ್ಡಪ್ಪನ ಮಗ ವಂಶಿ.

ಆ ದಿನದ ಕಲ್ಲಿನ ವಿಚಾರ ಹೇಳಲೇಬೇಕು. ದಹನಕ್ಕೆ ಮುಂಚೆ ಕರ್ಮ ಮಾಡುವವನು ನೀರಿನ ಮಡಕೆ ಹೊತ್ತು ಸುತ್ತುವಾಗ ಕಲ್ಲಿನಿಂದ ಅದಕ್ಕೆ ತೂತು ಹೊಡೆಯುತ್ತಾರೆ. ಆ ಕಲ್ಲನ್ನು ಎಸೆಯುವ ಹಾಗಿಲ್ಲ. ಹೋದವರ ಜೀವ ಹತ್ತು ದಿನ ಅದರಲ್ಲೇ ಇರುತ್ತದೆ ಎಂದು ಲೆಕ್ಕ. ದಿನಾ ಅದಕ್ಕೆ ಎಳ್ಳು ನೀರು ಬಿಟ್ಟು, ಹತ್ತನೆಯ ದಿನ ಹೊಳೆಗೆ ಬಿಡಬೇಕು. ಆಗ ಅವರು ಹೊರಟರು ಅಂತ. ಚಾಮರಾಜಪೇಟೆಯಿಂದ ಬಂದಿದ್ದ ಶಾಸ್ತ್ರಿಗಳು "ಒಂದು ಕಲ್ಲು ತಗೊಂಡ್ಬಾಪ್ಪ" ಎಂದರೆ ಆ ವಿದ್ಯುತ್ ಚಿತಾಗಾರದಲ್ಲಿ ಕಲ್ಲೆಲ್ಲಿದೆ? ನೆಲಕ್ಕೆಲ್ಲ ಟೈಲ್ಸು. ವಂಶಿ ಓಡಿಹೋಗಿ ಅಪ್ಪನ ಕಾರಿನ ಡ್ಯಾಶ್‌ಬೋರ್ಡಿನಿಂದ ಒಂದು ಬೂದು ಕಲ್ಲು ತಂದ. ಬಾಗಲಕೋಟೆ ಕಡೆಯ ಗೆಳೆಯರೊಬ್ಬರು ಹಿಂದಿನ ವಾರ ಕೊಟ್ಟದ್ದು, ಇನ್ನೂ ನಂಬರು ಬಿದ್ದಿರಲಿಲ್ಲ. ಅಪ್ಪ ತಮ್ಮ ಕಲ್ಲನ್ನು ತಾವೇ ತಂದುಕೊಂಡರು ಎಂದು ಯಾರೋ ಅತ್ತರು, ಯಾರೋ ನಕ್ಕರು. ನಾನು ಎರಡೂ ಮಾಡಿದೆ.

ಒಂಬತ್ತು ದಿನ ಅದು ನಮ್ಮ ಹೊರಮೆಟ್ಟಿಲ ಕೆಳಗೆ ಒಂದು ಸ್ಟೀಲ್ ತಟ್ಟೆಯಲ್ಲಿತ್ತು. ಹತ್ತನೆಯ ದಿನ ವಂಶಿ, ಶಾಸ್ತ್ರಿಗಳು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿ ಹೊಳೆಗೆ ಬಿಟ್ಟು ಬಂದರು. ಅಲ್ಲಿ ಕಾಗೆಗೇನು ಬರವೇ? ಆದರೂ ಒಂದು ಕಾಗೆಯೂ ಪಿಂಡ ಮುಟ್ಟಲಿಲ್ಲವಂತೆ. ಶಾಸ್ತ್ರಿಗಳು ಒಂದು ಗಂಟೆ ಕಾದು, ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿ ಮುಗಿಸಿದ್ದರು.

ಶಬ್ದ ಶುರುವಾಗಿ ತಿಂಗಳಾಗುವ ಹೊತ್ತಿಗೆ ಅಮ್ಮ ಅರ್ಧ ಆಗಿದ್ದಳು. ತಟ್ಟೆಗೆ ಬಡಿಸಿದ ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿ ಏಳುತ್ತಿದ್ದಳು. ಬೈದೆ, ಗೋಗರೆದೆ, ಗೊಜ್ಜವಲಕ್ಕಿ ಮಾಡಿದೆ. ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಡಾಕ್ಟರು ನೋಡಿ, "ಹದಿನೈದು ದಿನದಲ್ಲಿ ಇವರು ಊಟ ಮಾಡ್ಲಿಲ್ಲ ಅಂದ್ರೆ ಅಡ್ಮಿಟ್ ಮಾಡ್ಕೋಬೇಕಾಗುತ್ತೆ, ಆಮೇಲೆ ನನ್ನ ಕೈಲೂ ಇರಲ್ಲ," ಎಂದರು. ಆದರೂ ಐದು ಗಂಟೆಗೆ ಎರಡು ಲೋಟ ಕಾಫಿಯೊಡನೆ ಆ ಕೋಣೆಯಲ್ಲಿ ಕೂರುವುದು ಮಾತ್ರ ತಪ್ಪಲಿಲ್ಲ. ಅಪ್ಪನನ್ನು ಕಳೆದುಕೊಂಡಾಗಿತ್ತು. ಅಪ್ಪನೇ ಇವಳನ್ನೂ ಎಳೆದುಕೊಳ್ಳುತ್ತಿದ್ದಾರೆ ಎನ್ನಿಸಿ ನನಗೆ ಅವರ ಮೇಲೆ ಕೋಪ ಬಂತು. ಸತ್ತವರ ಮೇಲೆ ಕೋಪ ಮಾಡಿಕೊಂಡು ಏನು ಸಾಧಿಸುವುದು, ಆದರೆ ಬಂತು.

ಒಂದು ಬೆಳಿಗ್ಗೆ ಕೆಲಸದ ಪಿಳ್ಳಮ್ಮ ಮೆಟ್ಟಿಲ ಕೆಳಗಿಂದ ಆ ತಟ್ಟೆ ಎತ್ತಿಕೊಂಡು ಬಂದಳು.

"ಅಕ್ಕಾ, ಇದನ್ನ ಯಾರಿಗಾದ್ರೂ ಕೊಟ್ಬಿಡ್ಲಾ? ಇದ್ರಲ್ಲಿ ಊಟ ಅಂತೂ ಮಾಡಕ್ಕಾಗಲ್ಲ. ನೋಡಿ, ಎಂಗೆ ಗೀರ್ಕೊಂಡಿದೆ."

ತಟ್ಟೆಯ ನಡುವೆ ಬಳೆಯಷ್ಟು ಅಗಲಕ್ಕೆ ಗೀರುಗಳು, ಉಗುರು ಆಡಿಸಿದರೆ ಸಿಕ್ಕುವಷ್ಟು ಆಳ. ವಂಶಿ ದಿನಾ ಕಲ್ಲನ್ನು ತಿರುಗಿಸಿ ತಿರುಗಿಸಿ ತೊಳೆದು ಎಳ್ಳು ನೀರು ಬಿಟ್ಟ ಗುರುತು. ಸ್ಟೀಲನ್ನು ಗೀರಬಲ್ಲ ಕಲ್ಲು ಎಂದರೆ ಸ್ಟೀಲಿಗಿಂತ ಗಟ್ಟಿ ಎಂದು ಮನಸ್ಸು ತಾನಾಗಿ ಹೇಳಿತು. ಅಪ್ಪ ಹೇಳಿಕೊಟ್ಟ ಮೊದಲನೆಯ ಪಾಠ ಅದು.

ಅದೇ ಭಾನುವಾರ ವಂಶಿ ಅಮ್ಮನನ್ನು ನೋಡಲು ಬಂದ. ಅವಳ ಕೈ ನೋಡಿ ಅವನ ಮುಖ ಇಳಿದುಹೋಯಿತು. ನನ್ನನ್ನು ಅಡುಗೆಮನೆಗೆ ಕರೆದು, "ಅಕ್ಕ, ಒಂದು ತಪ್ಪಾಗಿದೆ, ಬೈಬೇಡ," ಎಂದ.

"ಏನು ಮಾಡ್ದೆ?"

"ಒಂಬತ್ತನೇ ದಿನ ಸಂಜೆ ಹೊಟ್ಟೆ ಹಸಿವು ತಡೀಲಿಲ್ಲಕ್ಕ. ಒಂದೇ ಹೊತ್ತು ಊಟ ಅಂದ್ರೆ ಹೆಂಗೆ? ಕಲ್ಲನ್ನ ಅಲ್ಲೇ ಬಿಟ್ಟು ವಿ.ವಿ. ಪುರಂಗೆ ಹೋಗಿ ಎರಡು ಮಸಾಲೆ ದೋಸೆ ತಿಂದ್ಬಿಟ್ಟೆ. ಕರ್ಮ ಹಿಡಿದೋನು ಹಂಗೆ ತಿನ್ಬಾರ್ದು. ಮಾರನೇ ದಿನ ಹೊಳೇಲಿ ಕಲ್ಲು ತೊಳೀತಿದ್ರೆ ಕೈಯೆಲ್ಲ ಬೆಳ್ಳಗೆ ಪುಡಿ ಪುಡಿ ಆಯ್ತು. ಕಾಗೇನೂ ಬರ್ಲಿಲ್ಲ. ನನ್ನಿಂದ್ಲೇ ಚಿಕ್ಕಪ್ಪನ ಕಲ್ಲು ಸವೀತಿದೆ ಅಂತ ಹೆದರ್ಕೊಂಡು ಶಾಸ್ತ್ರಿಗಳಿಗೂ ಹೇಳ್ಲಿಲ್ಲ."

ಬೇರೆ ಹೊತ್ತಾಗಿದ್ದರೆ ಅವನ ಎರಡು ಮಸಾಲೆ ದೋಸೆಗೆ ನಾನು ಹೊಟ್ಟೆ ತುಂಬ ನಗುತ್ತಿದ್ದೆ. ಈಗ ಆ ಗೀರು ಬಿದ್ದ ತಟ್ಟೆ ನೆನಪಾಯಿತು. ಸ್ಟೀಲನ್ನು ಗೀರುವ ಕಲ್ಲು ಕೈಗೆ ಸುಣ್ಣ ಹತ್ತಿಸುವುದಿಲ್ಲ. ತಟ್ಟೆಯಲ್ಲಿದ್ದದ್ದು ಒಂದು ಕಲ್ಲು, ಹೊಳೆಗೆ ಹೋದದ್ದು ಇನ್ನೊಂದು. ಒಂಬತ್ತನೆಯ ಸಂಜೆ ಅದು ಬದಲಾಗಿತ್ತು. ಅಪ್ಪನ ಕಲ್ಲು ಈ ಮನೆಯಲ್ಲೇ ಎಲ್ಲೋ ಇತ್ತು.

ಶಾಸ್ತ್ರಿಗಳಿಗೆ ಫೋನ್ ಮಾಡಿದೆ. "ಕಲ್ಲು ಕಳೆದೇ ಹೋಗಿದ್ರೆ ಅದಕ್ಕೆ ಪ್ರಾಯಶ್ಚಿತ್ತ ಇದೆಯಮ್ಮ," ಎಂದರು. "ಮನೇಲೇ ಇದೆ ಅಂತೀರಿ. ಹಾಗಿದ್ರೆ ಹುಡುಕಿ. ಅದನ್ನೇ ಬಿಡಬೇಕು. ಮನೇಲಿಟ್ಕೊಂಡು ಕೂರೋದು ಒಳ್ಳೇದಲ್ಲ, ಇರೋವ್ರಿಗೂ ಒಳ್ಳೇದಲ್ಲ, ಹೋದೋರಿಗೂ ಒಳ್ಳೇದಲ್ಲ."

ಇರುವವರು ಎಂದರೆ ಅಮ್ಮ. ಮರುದಿನ ಶಾಲೆಗೆ ರಜೆ ಹಾಕಿದೆ.

ಬೀರು ತೆರೆದು ತಟ್ಟೆಗಳನ್ನು ಒಂದೊಂದಾಗಿ ನೆಲಕ್ಕಿಳಿಸಿದೆ. ಮುನ್ನೂರ ನಾಲ್ಕು ಖಾನೆ, ಒಂದೂ ಖಾಲಿ ಇಲ್ಲ. ಅರ್ಧಕ್ಕರ್ಧ ಕಲ್ಲುಗಳು ಬೂದು ಬಣ್ಣ. ವಂಶಿಗೆ ಮೊಬೈಲಿನಲ್ಲಿ ಫೋಟೋ ಕಳಿಸಿದರೆ, "ಅಕ್ಕ, ಎಲ್ಲಾ ಅದೇ ಥರ ಇದೆ," ಎಂದ. ಅಪ್ಪ ಇದ್ದಿದ್ದರೆ ಅವನ ಕಿವಿ ಹಿಂಡುತ್ತಿದ್ದರು. "ನೋಡೋಕೆ ಎಲ್ಲಾ ಕಲ್ಲೂ ಸಂಭಾವಿತರೇ ಕಣೆ ವಿದ್ಯಾ," ಎನ್ನುತ್ತಿದ್ದರು ನನಗೆ. "ಬಣ್ಣ ನಂಬಬೇಡ. ಗೀರಿ ನೋಡು, ಹುಳಿ ಹಾಕಿ ನೋಡು, ಒಡೆದ ಅಂಚು ನೋಡು. ಕಲ್ಲು ಸುಳ್ಳು ಹೇಳಲ್ಲ, ನಾವು ಸರಿಯಾಗಿ ಕೇಳಲ್ಲ ಅಷ್ಟೆ."

ಒಂದು ಹಳೆಯ ಗಾಜಿನ ತುಂಡು, ಅಡುಗೆಮನೆಯ ಚಾಕು, ನಾಲ್ಕು ನಿಂಬೆಹಣ್ಣು, ಅಪ್ಪನ ಭೂತಗನ್ನಡಿ ಇಟ್ಟುಕೊಂಡು ಕೂತೆ. ಚಾಕುವಿಗೆ ಗೀರಿಸಿಕೊಂಡ ಮೆತ್ತನೆಯ ಕಲ್ಲುಗಳನ್ನೆಲ್ಲ ಚೀಟಿ ಸಮೇತ ಒಂದು ಕಡೆ ತಳ್ಳಿದೆ. ಆ ಗೀರಿನ ಪುಡಿಯ ಮೇಲೆ ನಿಂಬೆರಸ ಬಿಟ್ಟಾಗ ಸಣ್ಣಗೆ ನೊರೆಯಾಡಿದ್ದು ಸುಣ್ಣಕಲ್ಲು. ಗಾಜನ್ನು ಗೀರಿದ ಗಟ್ಟಿಗರಲ್ಲಿ ಕಾಳು ಕಾಳಾಗಿ ಮಿಂಚಿದ್ದು ಬೆಣಚು, ಗ್ರಾನೈಟಿನ ಕಣಶಿಲೆ, ಅವೂ ಅಲ್ಲ. ಮಧ್ಯಾಹ್ನ ದಾಟುವ ಹೊತ್ತಿಗೆ ನನ್ನ ಮುಂದೆ ಉಳಿದವು ಹನ್ನೊಂದು ಕಲ್ಲು. ಎಷ್ಟು ದಿಟ್ಟಿಸಿದರೂ ಭೂತಗನ್ನಡಿಯಲ್ಲೂ ಕಾಳು ಕಾಣದ ನಯ, ಮೇಣ ಸವರಿದಂಥ ಮಂಕು ಹೊಳಪು, ದಪ್ಪ ಗಾಜು ಒಡೆದಂತೆ ಬಾಗಿದ, ಕೈ ಕೊಯ್ಯುವಂಥ ಅಂಚು. ಚರ್ಟ್. ಹಿಂದಿನವರು ಬೀಡಿ ಹಚ್ಚಲು ಸೊಂಟದ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ ಚಕಮಕಿ ಕಲ್ಲಿನ ಜಾತಿಯದು.

ಅಪ್ಪನಿಗೆ ಚರ್ಟ್ ಎಂದರೆ ಒಂದು ತೂಕ ಹೆಚ್ಚು. ಸಮುದ್ರದ ನೀರಿನಲ್ಲಿ ಕರಗಿದ್ದ ಮರಳಿನ ಅಂಶವೇ ತಳದ ಸುಣ್ಣದ ಕೆಸರಿನ ನಡುವೆ ನಿಧಾನವಾಗಿ ಗಂಟು ಕಟ್ಟಿ ಇದಾಗುತ್ತದೆ ಎಂದು ಹೇಳುತ್ತಿದ್ದರು; ಕೆಲವು ಕಡೆ ಕಣ್ಣಿಗೆ ಕಾಣದ ಜೀವಿಗಳು ಸತ್ತು, ಅವುಗಳ ಗಾಜಿನಂಥ ಚಿಪ್ಪುಗಳು ಕೋಟಿಗಟ್ಟಲೆ ಬಿದ್ದು ಆಗುವುದೂ ಉಂಟಂತೆ. "ಸುಣ್ಣಕಲ್ಲೂ ಚರ್ಟೂ ಒಂದೇ ಹೊಟ್ಟೇಲಿ ಹುಟ್ಟಿದ್ದು. ಆದ್ರೆ ಮಳೆ ಬಿದ್ರೆ ಸುಣ್ಣಕಲ್ಲು ಕರಗುತ್ತೆ. ಇದು ಮಾತ್ರ ಹೋಗಲ್ಲ, ಉಳಿದುಬಿಡುತ್ತೆ." ನಲವತ್ತು ವರ್ಷ ಇದನ್ನು ಕೇಳಿದ್ದೇನೆ. ಅಂದು ಮಾತ್ರ ಅದು ಕಿವಿಯ ಹಿಂದೆ ಯಾರೋ ನಿಂತು ಹೇಳಿದಂತೆ ಕೇಳಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ರಿಜಿಸ್ಟರು ತೆಗೆದೆ. ಅದರಲ್ಲಿ ಚರ್ಟ್ ಎಂದು ಬರೆದಿದ್ದದ್ದು ಹತ್ತು. ನನ್ನ ಮುಂದೆ ಇದ್ದದ್ದು ಹನ್ನೊಂದು. ಹೆಚ್ಚಿನದು ಸಿಕ್ಕಿದ್ದು ನೂರ ಹನ್ನೆರಡನೆಯ ಖಾನೆಯಲ್ಲಿ. ರಿಜಿಸ್ಟರಿನಲ್ಲಿ ಆ ನಂಬರಿನ ಎದುರು ದುಂಡು ಅಕ್ಷರ ಸ್ಪಷ್ಟವಾಗಿತ್ತು: "ಸುಣ್ಣಕಲ್ಲು, ಬೂದು, ಬಾಗಲಕೋಟೆ ಕಡೆ, ಲೋಕಾಪುರದ ಹತ್ತಿರ."

ಕಲ್ಲನ್ನು ಕೈಗೆತ್ತಿಕೊಂಡೆ. ಅದರ ಒಂದು ಮೂಲೆಯಲ್ಲಿ ಮಡಕೆಯ ಕೆಂಪು ಇನ್ನೂ ಅಂಟಿತ್ತು.

ಆಮೇಲೆ ನಿಧಾನವಾಗಿ ಇನ್ನೊಂದು ಅರ್ಥವಾಯಿತು. ಪಿಳ್ಳಮ್ಮ ಬೀರುವಿನ ಧೂಳು ಹೊಡೆಯುತ್ತಾಳೆ, ಖಾನೆಗೆ ಕೈಹಾಕುವುದಿಲ್ಲ. ವಂಶಿಗೆ ಕಲ್ಲೆಂದರೆ ಕಲ್ಲು. ಬಣ್ಣದಲ್ಲಿ, ಗಾತ್ರದಲ್ಲಿ, ಊರಿನಲ್ಲಿ ಕೂಡ ಹೊಂದುವ ಜೋಡಿಯನ್ನು ಮುನ್ನೂರ ನಾಲ್ಕರಲ್ಲಿ ಹುಡುಕಿ ಬದಲಾಯಿಸಬೇಕಾದರೆ ಕಲ್ಲು ಬಲ್ಲವರೇ ಆಗಬೇಕು. ನನ್ನನ್ನು ಬಿಟ್ಟರೆ ಅಂಥವರು ಈ ಮನೆಯಲ್ಲಿ ಇಬ್ಬರಿದ್ದರು. ಒಬ್ಬರು ಸತ್ತಿದ್ದರು.

ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅಮ್ಮ ಎರಡು ಲೋಟ ಕಾಫಿ ಹಿಡಿದು ಬಂದಳು. ನೆಲದ ತುಂಬ ಹರಡಿದ ಕಲ್ಲು ನೋಡಿದಳು, ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು. ಲೋಟಗಳನ್ನು ಸ್ಟೂಲಿನ ಮೇಲಿಟ್ಟು ಕೂತಳು.

"ನೀನೇನಾ?" ಎಂದೆ.

"ನಾನೇ."

"ಯಾಕಮ್ಮ?"

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಅವತ್ತು ಬೆಳಗ್ಗೆ ಜಗಳ ಆಡಿದ್ದೆ ಕಣೇ. ಕಾರಲ್ಲೂ ಕಲ್ಲು ತುಂಬ್ಕೊಂಡಿದಾರೆ ಅಂತ. ನಿಮ್ಮ ಕಲ್ಲೂ ಬೇಡ, ನೀವೂ ಬೇಡ, ಎಲ್ಲಾದ್ರೂ ಹೋಗಿ ಅಂದೆ. ಮಧ್ಯಾಹ್ನ ಹೂ ತರ್ತೀನಿ ಅಂತ ಹೊರಟಾಗ ಮಾತಾಡಿಸ್ಲಿಲ್ಲ. ಹೋಗೇಬಿಟ್ರು." ಬೆರಳಿಗೆ ಸುತ್ತಿದ ಸೆರಗು ಬಿಚ್ಚಿದಳು. "ಒಂದು ಮಾತು ಆಡಿ ಹೋಗ್ಲಿ ಅಂತ ಇಟ್ಕೊಂಡೆ. ಬೈದ್ರೂ ಸರಿ. ಬಾಯ್ತುಂಬ ಬೈಲಿ. ದಿನಾ ಕಾಯ್ತಿದೀನಿ. ಗಂಟಲಲ್ಲಿ ಅನ್ನ ಇಳಿಯಲ್ಲ."

"ಮತ್ತೆ, ದಿನಾ ಇಲ್ಲಿ ಕೂತಿರ್ತೀಯಲ್ಲ..."

"ಕೂತಿರ್ತೀನಿ. ಏನೂ ಕೇಳ್ಸಲ್ಲ. ಒಂದು ದಿನಾನೂ ಏನೂ ಕೇಳಿಲ್ಲ, ವಿದ್ಯಾ." ತಲೆ ಎತ್ತಿ ನನ್ನನ್ನು ನೋಡಿದಳು. ಆ ಕಣ್ಣಿನ ಹಸಿವು ನನಗೆ ಸಹಿಸಲಾಗಲಿಲ್ಲ. "ನಿನಗೇನಾದ್ರೂ ಕೇಳ್ಸಿದ್ಯಾ?"

ಟಕ್.

ಬೀರು ತೆರೆದಿತ್ತು, ಖಾನೆಗಳೆಲ್ಲ ನೆಲದ ಮೇಲಿದ್ದವು, ಆದರೂ ಶಬ್ದ ಅಲ್ಲಿಂದಲೇ ಬಂತು. ಸ್ವಲ್ಪ ಬಿಟ್ಟು, ಟಕ್. ವಾಸನೆ ಮೂಗಿಗೇರಿತು. ಅಮ್ಮ ರೆಪ್ಪೆ ಅಲ್ಲಾಡಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಒಂದಿಷ್ಟೂ ಕೇಳಿಸುತ್ತಿರಲಿಲ್ಲ. ಹೌದು ಎಂದರೆ, ಗಂಡ ಮಗಳ ಹತ್ತಿರ ಬಂದು ತನ್ನ ಹತ್ತಿರ ಮಾತು ಬಿಟ್ಟಿದ್ದಾರೆ ಎಂದೇ ತಿಳಿದುಕೊಳ್ಳುತ್ತಾಳೆ. ಈ ಕಲ್ಲು ಹಿಡಿದುಕೊಂಡು, ಕ್ಷಮೆಗೆ ಕಾದು ಕಾದು, ಈ ಕುರ್ಚಿಯಲ್ಲೇ ಒಣಗಿ ಹೋಗುತ್ತಾಳೆ.

"ಇಲ್ಲಮ್ಮ," ಎಂದೆ. "ಏನೂ ಇಲ್ಲ. ಅಪ್ಪ ಅವತ್ತೇ ನೆಮ್ಮದಿಯಾಗಿ ಹೋಗಿಬಿಟ್ಟಿದಾರೆ. ನಿನ್ನ ಮೇಲೆ ಸಿಟ್ಟಿದ್ದಿದ್ರೆ ಇಷ್ಟು ದಿನದಲ್ಲಿ ಒಂದು ಬಾಗಿಲಾದ್ರೂ ಬಡೀತಿರ್ಲಿಲ್ವಾ? ಇದು ಬರೀ ಕಲ್ಲು."

ಟಕ್.

ನನ್ನ ಮುಖದ ಒಂದು ನರವೂ ಅಲುಗದಂತೆ ಹಿಡಿದುಕೊಂಡೆ. ಇಪ್ಪತ್ತಾರು ವರ್ಷ ಮಕ್ಕಳ ಮುಂದೆ ನಿಂತು ಕಲಿತ ವಿದ್ಯೆ ಅದಕ್ಕೆ ಬಳಕೆಯಾಯಿತು.

ಅಮ್ಮ ಬಹಳ ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ, "ಹಾಗಿದ್ರೆ ಕಳಿಸ್ಕೊಟ್ಬಿಡೋಣ," ಎಂದಳು.

ಗುರುವಾರ ನಾವು ಮೂವರೂ ಶಾಸ್ತ್ರಿಗಳೊಡನೆ ಪಶ್ಚಿಮವಾಹಿನಿಗೆ ಹೋದೆವು. ಮಂತ್ರವೆಲ್ಲ ಮುಗಿದು ವಂಶಿ ಹೊಳೆಗಿಳಿಯುವಾಗ ಅಮ್ಮ ಕಲ್ಲನ್ನು ಅವನ ಕೈಯಿಂದ ಇಸಿದುಕೊಂಡು ಒಂದು ಸಲ ಕೆನ್ನೆಗೆ ಒತ್ತಿಕೊಂಡಳು. ಶಾಸ್ತ್ರಿಗಳು ಬೇರೆ ಕಡೆ ನೋಡಿದರು, ಒಳ್ಳೆಯ ಮನುಷ್ಯ. ಕಲ್ಲು ನೀರಿಗೆ ಬಿದ್ದ ಸದ್ದು ನಮಗೆಲ್ಲರಿಗೂ ಕೇಳಿಸಿತು. ಪಿಂಡಕ್ಕೆ ಎರಡು ಕಾಗೆ ಬಂದವು. ಬರುವಾಗ ಮದ್ದೂರಿನಲ್ಲಿ ಕಾರು ನಿಲ್ಲಿಸಲು ಅಮ್ಮನೇ ಹೇಳಿದಳು. ಒಂದು ವಡೆ ಪೂರ್ತಿ ತಿಂದು, ಇನ್ನೊಂದರಲ್ಲಿ ಅರ್ಧ ಮುರಿದುಕೊಂಡಳು.

ಈಗ ಅವಳು ಎರಡು ಹೊತ್ತೂ ಊಟ ಮಾಡುತ್ತಾಳೆ. ಪಿಳ್ಳಮ್ಮನ ಮೇಲೆ ರೇಗುತ್ತಾಳೆ. ಸಂಜೆ ಒಂದೇ ಲೋಟ ಕಾಫಿ ಮಾಡಿ, ಅಡುಗೆಮನೆಯಲ್ಲೇ ನಿಂತು ಕುಡಿಯುತ್ತಾಳೆ. ನನಗೆ ಬೇಕಾಗಿದ್ದದ್ದು ಇದೇ. ಮನೆ ಮಾತ್ರ ಸದ್ದಿಲ್ಲದೆ ಬಿದ್ದುಕೊಂಡಿದೆ. ಐದು ಗಂಟೆ ಬರುತ್ತದೆ, ಐದೂಕಾಲು ಆಗುತ್ತದೆ, ಏನೂ ಆಗುವುದಿಲ್ಲ. ನಲವತ್ತು ದಿನ ಅಪ್ಪ ನನ್ನ ಹತ್ತಿರವೇ ಬಂದಿದ್ದರು. ನಾನು ಒಂದು ಸಲವೂ "ಅಪ್ಪಾ" ಎನ್ನಲಿಲ್ಲ. ಬರಿಗಾಲಲ್ಲಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಕೊನೆಗೆ ಇಲ್ಲವೇ ಇಲ್ಲ ಎಂದು ಅವರ ಮುಂದೆಯೇ ಹೇಳಿ ಕಳಿಸಿಬಿಟ್ಟೆ.

ನಿನ್ನೆ ಶಾಲೆಯಿಂದ ಬಂದವಳು ಕಲ್ಲಿನ ಕೋಣೆಗೆ ಹೋಗಿ ಅಮ್ಮನ ಕುರ್ಚಿಯಲ್ಲಿ ಕೂತೆ. ಮೊನ್ನೆಯೂ ಕೂತಿದ್ದೆ, ಅದರ ಹಿಂದಿನ ದಿನವೂ. ಅಮ್ಮ ಬಂದು ಬಾಗಿಲಲ್ಲಿ ನಿಂತದ್ದು ತಡವಾಗಿ ಗೊತ್ತಾಯಿತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನ್ನ ಮುಖ ನೋಡಿದಳು, ಬೀರುವಿನ ಕಡೆ ನೋಡಿದಳು, ಗೋಡೆಯ ಗಡಿಯಾರ ನೋಡಿದಳು.

"ನಿನಗೆ ಕೇಳ್ತಿತ್ತು, ಅಲ್ವೇನೇ?" ಎಂದಳು.

ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. "ಹೂಂ," ಎಂದೆ.

ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದೆ. ಅಮ್ಮ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, ನನ್ನ ಮಂಡಿಯ ಮೇಲೆ ಕೈಯಿಟ್ಟಳು.

"ಹೆಂಗಿತ್ತು ಹೇಳು."

ಬೆರಳ ಗೆಣ್ಣಿನಿಂದ ಕುರ್ಚಿಯ ಕೈಯನ್ನು ಬಡಿದೆ. ಟಕ್. ಸ್ವಲ್ಪ ಬಿಟ್ಟು, ಟಕ್. ಕಲ್ಲನ್ನು ಕಿವಿಗೆ ಹಿಡಿಯುವಷ್ಟು ಹೊತ್ತು ಬಿಟ್ಟು, ಮತ್ತೆ ಟಕ್.

ಅಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಇನ್ನೊಂದ್ಸಲ," ಎಂದಳು.